ಕಳ್ಳನ ಹೆಜ್ಜೆ

ಮನೆಗೆ ಕಳ್ಳರು ನುಗ್ಗಿದರೆಂದು ತಿಳಿದೊಡನೆ ನಮ್ಮ ರಾಯಚೂರು ಸೀಮೆಯಲ್ಲಿ ನಡೆಯುವುದನ್ನು ನಾವು ಬಹುಕಾಲದಿಂದ ಕಂಡಿರುವೆವು. ನೆರೆಹೊರೆಯವರೆಲ್ಲ ಒಳಗೆ ನೆರೆಯುವರು. ಒಡೆದ ಟ್ರಂಕನ್ನು ಹತ್ತು ಕೈಗಳು ಮುಟ್ಟಿ ನೋಡುವುವು. ಅಮಂಗಳವೆಂದು ನೆಲವನ್ನು ಸಾರಿಸಿಬಿಡುವರು. ಪೋಲೀಸರು ಬರುವ ವೇಳೆಗೆ ಸಾಕ್ಷ್ಯವು ಮೋರಿಯ ಪಾಲಾಗಿರುವುದು.

ಕಳ್ಳನನ್ನು ಕದ್ದ ಮಾಲಿನಿಂದಲೂ ಹೆಜ್ಜೆಯಿಂದಲೂ ಹಿಡಿಯಬಹುದೆಂದು ಯಾಜ್ಞವಲ್ಕ್ಯಸ್ಮೃತಿಯೇ ಹೇಳಿರುವುದು. ಹೆಜ್ಜೆಗಿಂತ ಸೂಕ್ಷ್ಮವಾದುದು ಬೆರಳಚ್ಚು. 1897ರಲ್ಲಿ ಕಲ್ಕತ್ತೆಯಲ್ಲಿ ಅದಕ್ಕೊಂದು ಕಚೇರಿಯು ಸ್ಥಾಪಿತವಾಯಿತು. ವರ್ಗೀಕರಣಕ್ಕೆ ಶ್ರಮಿಸಿದವರು ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮವರು. ಹೆಸರು ಮಾತ್ರ ಹೆನ್ರಿ ದೊರೆಗೆ ಸಂದಿತು! 1898ರಲ್ಲಿ ವಿಚಾರಣೆಗೆ ಬಂದ ಜಲ್ಪಾಯ್‌ಗುರಿಯ ಚಹದ ತೋಟದ ಕೊಲೆಯಲ್ಲಿ, ಪಂಚಾಂಗವೊಂದರ ಮೇಲಿನ ಬೆರಳಗುರುತು ಹಳೆಯ ಸೇವಕನೊಬ್ಬನದೆಂದು ಗೊತ್ತಾಯಿತು. ಆದರೂ ನ್ಯಾಯಾಲಯವು ಅವನನ್ನು ಕಳವಿಗೆ ಶಿಕ್ಷಿಸಿತೇ ಹೊರತು ಕೊಲೆಗಲ್ಲ. ನೈಯಾಯಿಕರು ಮೆಚ್ಚತಕ್ಕ ವಿವೇಕವಿದು: ಗುರುತು ಮುಟ್ಟಿದುದನ್ನು ಸಾಧಿಸುವುದು, ಕೊಂದುದನ್ನಲ್ಲ.

ಬೆರಳಗುರುತೆಂದರೆ ಬೆವರು, ಜಿಡ್ಡುಗಳ ಅಚ್ಚು. ಸ್ಟೀಲಿನ ಡಬ್ಬಿ, ಗಾಜುಗಳ ಮೇಲೆ ಚೆನ್ನಾಗಿ ನಿಲ್ಲುವುದು, ಮಣ್ಣಿನ ಗೋಡೆಯ ಮೇಲೆ ನಿಲ್ಲದು; ನಮ್ಮ ಬೇಸಗೆಗೆ ಬೇಗ ಆರುವುದು. ಮಾನ್ವಿಯ ಗದ್ದೆಯ ಕೆಸರಿನಲ್ಲಿಯೋ ದೇವದುರ್ಗದ ಎರೆಹೊಲದಲ್ಲಿಯೋ ಹೆಜ್ಜೆ ಮೂಡಿದ್ದರೆ ಪುಟ್ಟಿಯೊಂದನ್ನು ಬೋರಲು ಮುಚ್ಚಿರಿ. ರಕ್ತ ತಗಲಿದ ಬಟ್ಟೆಯನ್ನು ಒಗೆಯಬೇಡಿರಿ, ಪ್ಲಾಸ್ಟಿಕ್ ಚೀಲಕ್ಕೂ ತುಂಬಬೇಡಿರಿ. ತೇವಕ್ಕೆ ಬೂಷ್ಟು ಹಿಡಿದು ಕೆಡುವುದು.

2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆಯುಳ್ಳ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಬರತಕ್ಕದ್ದೆಂದು ವಿಧಿಸಿ, ಏರ್ಪಾಡಿಗೆ ರಾಜ್ಯಗಳಿಗೆ ಐದು ವರ್ಷಗಳ ಅವಧಿ ಕೊಟ್ಟಿದೆ. ಅವರು ಊರು ಸೇರುವವರೆಗೆ ಬಾಗಿಲು ಮುಂದೆಮಾಡಿ ಹೊರಗೆ ಕಟ್ಟೆಯ ಮೇಲೆ ಕುಳಿತಿರಿ. ಕಸಬರಿಗೆಯನ್ನು ಮಾತ್ರ ಮುಟ್ಟಬೇಡಿರಿ.