ಹರಳಿನ ಕುಂದು ಮತ್ತು ನನ್ನ ಕೆಂಪು ಶಾಯಿ



ಸಮೀರವಾಡಿಯಲ್ಲಿ ಬೆಳೆದವರಿಗೆ ಹರಳು ಎಂದರೇನೆಂದು ವಿವರಿಸಬೇಕಾಗಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಊರಿನ ಗಾಳಿಗೇ ಪಾಕದ ವಾಸನೆ. ಕಡಿದ ಕಬ್ಬು ದಿನಗಟ್ಟಲೆ ಬಿದ್ದು ಹಳಸಿದರೆ ಅದರಲ್ಲಿ ಸೂಕ್ಷ್ಮಜೀವಿಗಳು ಡೆಕ್‌ಸ್ಟ್ರಾನ್ ಎಂಬ ಅಂಟು ಪದಾರ್ಥವನ್ನು ಹುಟ್ಟಿಸುತ್ತವೆ. ಅಂತಹ ಪಾಕದಲ್ಲಿ ಸಕ್ಕರೆಯ ಹರಳು ತನ್ನ ಸಹಜ ಆಕಾರ ಬಿಟ್ಟು ಸೂಜಿಯಂತೆ ಉದ್ದವಾಗುತ್ತದೆ. ಬಲ್ಲವರು ಹರಳನ್ನು ನೋಡಿಯೇ ಕಬ್ಬಿನ ಸ್ಥಿತಿಯನ್ನು ಊಹಿಸಬಲ್ಲರು.

ನಿವೃತ್ತಿಯ ಬಿಡುವಿನಲ್ಲಿ ನಾನು ಓದುತ್ತಿರುವ ಅತಿವಾಹಕಗಳ ಕಥೆಯೂ ಹೀಗೆ ಹರಳಿನ ಕುಂದಿನ ಕಥೆಯೇ. ಅತಿಶೀತದಲ್ಲಿ ಕೆಲವು ಪದಾರ್ಥಗಳ ವಿದ್ಯುತ್ ರೋಧ ಸಂಪೂರ್ಣ ಮಾಯವಾಗುತ್ತದೆ ಎಂಬುದನ್ನು 1911ರಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಕಂಡರು. 1987ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕಗಳ ಸಂಯುಕ್ತವನ್ನು ಅಧ್ಯಯನ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸಂಯುಕ್ತದ ಒಂದು ಘಟಕದಲ್ಲಿ ಆಮ್ಲಜನಕದ ಪರಮಾಣುಗಳು ಏಳರ ಸಮೀಪವಿದ್ದರೆ ಅದು 90 ಕೆಲ್ವಿನ್ ಆಸುಪಾಸಿನಲ್ಲೇ ಅತಿವಾಹಕ. ಆರಕ್ಕೆ ಇಳಿದರೆ ವಿದ್ಯುತ್ತನ್ನೇ ಹರಿಯಗೊಡದ ಅವಾಹಕ! ಖಾಲಿ ಬಿದ್ದ ಒಂದೊಂದು ಸ್ಥಾನಕ್ಕೂ ಅಷ್ಟು ಬೆಲೆ.

ಇನ್ನೂ ಸೋಜಿಗದ ಪದಾರ್ಥವೊಂದಿದೆ: ಸ್ಟ್ರಾನ್ಷಿಯಂ ರುಥೆನೇಟ್. ಜಪಾನಿನ ಯೋಶಿತೆರು ಮಾಯೆನೊ ಅವರ ತಂಡ ಇದರ ಅತಿವಾಹಕತೆಯನ್ನು 1994ರಲ್ಲಿ ಪ್ರಕಟಿಸಿತು. ಆಗ ಅದು ತೋರಿದ್ದು ಸುಮಾರು 1 ಕೆಲ್ವಿನ್‌ನಲ್ಲಿ. ಹರಳನ್ನು ಶುದ್ಧಗೊಳಿಸುತ್ತ ಹೋದಂತೆ ಆ ಉಷ್ಣತೆ 1.5 ಕೆಲ್ವಿನ್‌ಗೆ ಏರಿತು. ಸಾಮಾನ್ಯ ಅತಿವಾಹಕಗಳಿಗೆ ಕಾಂತಗುಣವಿಲ್ಲದ ಕಲ್ಮಶ ಹೆಚ್ಚು ಕೇಡು ಮಾಡದು ಎಂದು ಫಿಲಿಪ್ ಆಂಡರ್ಸನ್ 1959ರಲ್ಲೇ ತೋರಿಸಿದ್ದರು. ಇಲ್ಲಿ ಹಾಗಲ್ಲ, ಅತ್ಯಲ್ಪ ಕಲ್ಮಶವಿದ್ದರೂ ಅತಿವಾಹಕತೆ ಅಳಿದುಹೋಗುತ್ತದೆ ಎಂದು 1998ರ ಪ್ರಯೋಗಗಳು ತಿಳಿಸಿದವು.

ಕಾರಣ ಸರಳವಾಗಿ ಹೀಗಿದೆ. ಅತಿವಾಹಕದಲ್ಲಿ ಇಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ. ಸಾಮಾನ್ಯ ಅತಿವಾಹಕದಲ್ಲಿ ಈ ಜೋಡಿಯ ಅಲೆಗೆ ಎಲ್ಲ ದಿಕ್ಕಿನಲ್ಲೂ ಒಂದೇ ಚಿಹ್ನೆ. ಅಸಾಂಪ್ರದಾಯಿಕ ಅತಿವಾಹಕದಲ್ಲಿ ದಿಕ್ಕು ಬದಲಾದಂತೆ ಚಿಹ್ನೆ ಧನದಿಂದ ಋಣಕ್ಕೆ ತಿರುಗಬಹುದು. ಕಲ್ಮಶಕ್ಕೆ ಡಿಕ್ಕಿ ಹೊಡೆದ ಇಲೆಕ್ಟ್ರಾನುಗಳು ದಿಕ್ಕು ತಪ್ಪಿದಾಗ ಧನವೂ ಋಣವೂ ಬೆರೆತು ಪರಸ್ಪರ ಕಳೆದುಹೋಗುತ್ತವೆ, ಜೋಡಿ ಮುರಿಯುತ್ತದೆ. ರುಥೆನೇಟಿನಲ್ಲಿ ಈ ಜೋಡಿಯ ನಿಜರೂಪ ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟಾದ ಮೇಲೆ ‘ಕುಂದು ಕೆಟ್ಟದ್ದು, ಶುದ್ಧಿಯೇ ಸರಿ’ ಎಂದು ಪಾಠ ಮುಗಿಸಬಹುದಿತ್ತು. ಆದರೆ ಅದೇ 1998ರಲ್ಲಿ, ಬೆಳೆಯುವಾಗ ರುಥೇನಿಯಂ ಲೋಹದ ಸಣ್ಣ ತುಣುಕುಗಳು ಒಳಗೇ ಸಿಕ್ಕಿಕೊಂಡ ಹರಳುಗಳು 3 ಕೆಲ್ವಿನ್‌ನಲ್ಲೇ ಅತಿವಾಹಕತೆಯ ಕುರುಹು ತೋರಿದವೆಂದು ಮಾಯೆನೊ ತಂಡ ವರದಿ ಮಾಡಿತು. ಶುದ್ಧ ಹರಳಿನ ಎರಡರಷ್ಟು! ಅದನ್ನು ಕೆಟ್ಟ ಹರಳೆಂದು ಅವರು ಬಿಸಾಡಲಿಲ್ಲ, ಕಂಡದ್ದನ್ನು ಕಂಡಂತೆ ಬರೆದರು. ಮುಂದೆ ಬೇರೆ ಸಂಶೋಧಕರು ಶುದ್ಧ ಹರಳನ್ನೇ ಒಂದು ದಿಕ್ಕಿನಲ್ಲಿ ನಿಯಂತ್ರಿತವಾಗಿ ಒತ್ತಿ ನೋಡಿದರು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹರಳಿನ ಉದ್ದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕುಗ್ಗಿದಾಗ ಆ ಉಷ್ಣತೆ ಸುಮಾರು 3.4 ಕೆಲ್ವಿನ್‌ಗೆ ಏರಿತು. ಇನ್ನೂ ಒತ್ತಿದಾಗ ಇಳಿಯಿತು. ಲೋಹದ ತುಣುಕುಗಳ ಸುತ್ತ ಹರಳು ಬಿಗಿದುಕೊಂಡು ಉಂಟಾದ ಇಂತಹುದೇ ಒತ್ತಡದಿಂದ ಆ ಹಳೆಯ 3 ಕೆಲ್ವಿನ್ ಒಗಟನ್ನು ಇಂದು ವಿವರಿಸುತ್ತಾರೆ.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೆನಪಾದವನು ಹತ್ತನೆಯ ತರಗತಿಯ ಒಬ್ಬ ಹುಡುಗ. ಓಮನ ನಿಯಮದ ಪ್ರಯೋಗದಲ್ಲಿ ಎಲ್ಲರ ನಕ್ಷೆಯೂ ಮೂಲಬಿಂದುವಿನಿಂದ ಹೊರಟ ಸರಳರೇಖೆ. ಅವನದು ಮಾತ್ರ ಪಕ್ಕಕ್ಕೆ ಸರಿದಿತ್ತು. ನಾನು ರೆಕಾರ್ಡ್ ಪುಸ್ತಕದ ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, “ಪಕ್ಕದವನದನ್ನು ನೋಡಿ ತಿದ್ದಿಕೊಂಡು ಬಾ” ಎಂದೆ. ಅವನು ಮರುಮಾತಾಡದೆ ತಿದ್ದಿ ತಂದ. ಕೆಲವು ದಿನಗಳ ನಂತರ ಅದೇ ಅಮ್ಮೀಟರನ್ನು ಕೈಗೆತ್ತಿಕೊಂಡಾಗ, ವಿದ್ಯುತ್ ಹರಿಯದಿದ್ದರೂ ಅದರ ಮುಳ್ಳು ಸೊನ್ನೆಯ ಮೇಲೆ ನಿಲ್ಲುತ್ತಿರಲಿಲ್ಲ. ಹುಡುಗ ಕಂಡದ್ದನ್ನೇ ಬರೆದಿದ್ದ. ಸುಳ್ಳು ಬರೆಯಲು ಕಲಿಸಿದವನು ನಾನು. ಅವನಿಗೆ ಅದನ್ನು ಹೇಳುವ ಧೈರ್ಯವೂ ಆಗ ನನಗಾಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಬರಬೇಕಾದ ಉತ್ತರಕ್ಕಲ್ಲ, ಬಂದ ಅಳತೆಗೆ ಅಂಕ ಸಲ್ಲಬೇಕು. ಅಳತೆ ಏಕೆ ಹಾಗೆ ಬಂತೆಂದು ಮಗು ಯೋಚಿಸಿ ಬರೆದ ಎರಡು ಸಾಲಿಗೆ ಇನ್ನೂ ಹೆಚ್ಚು ಸಲ್ಲಬೇಕು. ಹಾಗೆ ಮಾಡಿದರೆ ಮಕ್ಕಳು ಅಜಾಗರೂಕರಾಗುತ್ತಾರೆ ಎಂದು ಸಹೋದ್ಯೋಗಿ ಮಿತ್ರರು ಆಕ್ಷೇಪಿಸುವುದುಂಟು. ಎಲ್ಲ ಕುಂದೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ರುಥೆನೇಟಿನಲ್ಲಿಯೇ ಹೆಚ್ಚಿನ ಕಲ್ಮಶಗಳು ಮಾರಕ. ಆದರೆ ಯಾವ ಕುಂದು ಕೊಲ್ಲುತ್ತದೆ, ಯಾವುದು ಹೊಸ ದಾರಿ ತೋರುತ್ತದೆ ಎಂದು ತಿಳಿಯಬೇಕಾದರೆ ಮೊದಲು ಅದು ಪುಸ್ತಕದಲ್ಲಿ ಉಳಿದಿರಬೇಕಲ್ಲವೆ?

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ಹಲವರು ತಂದೆತಾಯಿಗಳು. ಮಗುವಿನ ನಕ್ಷೆ ಓರೆಯಾಗಿದ್ದರೆ ತಿದ್ದಿಸುವ ಮೊದಲು ಉಪಕರಣವನ್ನೊಮ್ಮೆ ಕೈಗೆತ್ತಿಕೊಂಡು ನೋಡಿರಿ. ಆ ಹುಡುಗ ಇದನ್ನು ಓದುತ್ತಿದ್ದರೆ, ತಮ್ಮಾ, ಅಂದು ನಿನ್ನ ಅಳತೆ ಸರಿಯಿತ್ತು. ನನ್ನನ್ನು ಕ್ಷಮಿಸು.