ಹೊಲದಾಗ ಕಟಗಿ ಸುಟ್ಟು ಮನಿಯಾಗ ಕುಳ್ಳು ಉರಸೂದ್ಯಾಕ?

ತೊಗರಿ ರಾಶಿ ಮುಗಿದ ಕೂಡಲೇ ನಮ್ಮ ಗಲಗಲಿ ಸುತ್ತಿನ ಹೊಲಗಳಲ್ಲಿ ಹೊಗೆ ಏಳುತ್ತದೆ. ತೊಗರಿ ಕಟಗಿಯನ್ನು ಬದುವಿಗೆ ಒಟ್ಟಿ ಕಡ್ಡಿ ಗೀರಿ ಬರುವವರು ಹೆಚ್ಚಾಗಿದ್ದಾರೆ. ಅವರದೇ ಹಿತ್ತಲಿಗೆ ಹೋಗಿ ನೋಡ್ರಿ, ಗ್ವಾಡಿ ತುಂಬ ಕುಳ್ಳು ತಟ್ಟಿರತಾರ. ಹೊಲಕ್ಕೆ ಹೋಗಬೇಕಾದ ಸಗಣಿ ಒಲಿಗೆ, ಒಲಿಗೆ ಬರಬೇಕಾದ ಕಟಗಿ ಹೊಲದಾಗ ಬೂದಿ!

ನಮ್ಮ ಕಡೆ ಮನೆ ಬೆಚ್ಚಗಿಡಲು ಯಾರೂ ಬೆಂಕಿ ಹಾಕುವುದಿಲ್ಲ. ಉರುವಲು ಬೇಕಾಗುವುದು ರೊಟ್ಟಿಗೆ ಮತ್ತು ಜಳಕದ ನೀರಿಗೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಗ್ಯಾಸ್ ಬಂತು, ಒಳ್ಳೇದಾತು. ಆದರೆ 14.2 ಕಿಲೋ ಸಿಲಿಂಡರಿನಲ್ಲಿ ಮನೆಮಂದಿಗೆಲ್ಲ ಹಂಡೆ ನೀರು ಕಾಯಿಸಿದರೆ ಎಷ್ಟು ದಿನ ಬಂದೀತು? ಅದಕ್ಕೇ ಚಹಾ, ಪಲ್ಯ ಗ್ಯಾಸಿನ ಮೇಲೆ. ಹಂಡೆ ಅಂಗಳದ ಒಲಿ ಮೇಲೆ.

ಈ ಒಲಿಗೆ ಪುಕ್ಕಟೆ ಕಟಗಿ ಎಲ್ಲಿಂದ? ಅಡವಿಯ ಮಾತು ಬಿಡ್ರಿ. ನಮ್ಮ ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಅಡವಿ 2016ರಿಂದ ಚಿಂಕಾರ ವನ್ಯಧಾಮ. ಅಲ್ಲಿಂದ ಹೊರೆ ತರುವುದು ಕಾನೂನಿಗೆ ವಿರುದ್ಧ, ಆ ಜಿಂಕೆಗಳೂ ಉಳಿಯಬೇಕಲ್ಲ. ಉಳಿದದ್ದು ನಮ್ಮ ಹೊಲ, ಹಳ್ಳದ ದಂಡೆ, ರಸ್ತೆ ಬದಿ.

ಮೊದಲು ಜಯಧರ ಹತ್ತಿ ಹಾಕುವ ಕಾಲಕ್ಕೆ ಒಂದು ರೂಢಿ ಇತ್ತು. ಹತ್ತಿ ಬಿಡಿಸುವುದು ಮುಗಿದರೆ ಕಟಗಿ ಕಿತ್ತವರಿಗೇ ಕಟಗಿ. ಹೊಲದವನಿಗೆ ಪಗಾರ ಕೊಡುವುದು ತಪ್ಪುತ್ತಿತ್ತು, ಹೊಲ ಇಲ್ಲದವರ ಮನೆಗೆ ಮಳೆಗಾಲದ ಉರುವಲು ಆಗುತ್ತಿತ್ತು. ಹೊಲದ ದೃಷ್ಟಿಯಿಂದಲೂ ಅದು ಚಲೋ. ಗುಲಾಬಿ ಕಾಯಿಕೊರಕ ಕಟಗಿಗೆ ಅಂಟಿದ ಒಣ ಕಾಯಿಯಲ್ಲೇ ಅಡಗಿರುತ್ತದೆ. ಮುಂದಿನ ಬಿತ್ತನೆಯ ಒಳಗೆ ಅದು ಒಲಿ ಸೇರಿದರೆ ಹುಳವೂ ಸೇರಿತು. ಬದುವಿನ ಮೇಲೆ ಒಟ್ಟಿಟ್ಟರೆ ಮಾತ್ರ ನಾವೇ ಸಾಕಿದಂಗ.

ಈಗ ಹತ್ತಿ ಕಡಿಮೆ, ನೀರಾವರಿ ಇದ್ದಲ್ಲಿ ಕಬ್ಬು. ಕಬ್ಬಿನ ರವದಿ ಭುಗಿಲ್ ಅಂದು ಆರತದ, ನೀರು ಕಾಯೂದಿಲ್ಲ. ಖುಷ್ಕಿಯವರಿಗೆ ತೊಗರಿ ಕಟಗಿಯೇ ಗತಿ. ಹೋದ ವರ್ಷ ಒಬ್ಬ ಹೆಣ್ಣುಮಗಳು ಬಂದು, “ಯಣ್ಣಾ, ಕಟಗಿ ಯಾರಿಗರೆ ಹೇಳೀರೇನ್ರಿ?” ಅಂದಳು. “ಇಲ್ಲವ್ವಾ, ಒಯ್ಯಿ” ಅಂದೆ. ಎರಡು ದಿನದಲ್ಲಿ ಹೊಲ ಸ್ವಚ್ಛ. ರೋಟಾವೇಟರ್ ಹೊಡೆಸಿ ಮಣ್ಣಿಗೆ ಸೇರಿಸುವವರ ಮೇಲೆ ನನ್ನ ತಕರಾರಿಲ್ಲ, ಆದರೆ ಒಣ ಎರೆಯಲ್ಲಿ ಆ ತುಂಡು ಲಗೂ ಕೊಳೆಯುವುದಿಲ್ಲ, ಬಿತ್ತುವಾಗ ಕೂರಿಗೆಗೆ ಸಿಗತಾವ. ಸುಡುವವರದೇ ನನಗೆ ಸಿಟ್ಟು.

ಇನ್ನೊಂದು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡ 1870ರ ದಶಕದಲ್ಲಿ ನಮ್ಮ ದೇಶಕ್ಕೆ ಬಂತು. ಎಷ್ಟು ಕಡಿದರೂ ಬುಡದಿಂದ ಚಿಗಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮುಳ್ಳಿನ ಕಾಟ ಬ್ಯಾರೆ ಮಾತು. ಕಡಿಯುವುದಾದರೆ ಇದನ್ನು ಕಡಿಯಲಿ, ಬದುವಿನ ಬನ್ನಿ, ಬೇವಿಗೆ ಕೊಡಲಿ ಹಾಕಬಾರದು. ಬೇವಿನ ಒಣ ಟೊಂಗೆ ತಾನೇ ಬೀಳುತ್ತದೆ, ಅದು ಸಾಕು.

ಕುಳ್ಳಿನ ವಿಚಾರಕ್ಕೆ ಬರೋಣ. ಸಗಣಿ ಸುಟ್ಟರೆ ಅದರ ಸಾರಜನಕ ಹೊಗೆಯಾಗಿ ಹೋಗುತ್ತದೆ, ಬೂದಿಯಲ್ಲಿ ಪೊಟ್ಯಾಷ್, ಸ್ವಲ್ಪ ರಂಜಕ ಉಳಿದೀತು. ಮಣ್ಣಿಗೆ ಹಸಿ ಹಿಡಿದುಕೊಡುವ ಅಂಶ ಪೂರಾ ನಾಶ. ಮಳೆಯನ್ನೇ ನಂಬಿದ ನಮಗೆ ಅದಕ್ಕಿಂತ ದೊಡ್ಡ ಲುಕ್ಸಾನು ಯಾವುದು? ಎತ್ತು, ಎಮ್ಮೆ ಕಡಿಮೆಯಾಗಿ ತಿಪ್ಪಿ ಮೊದಲೇ ಸಣ್ಣದಾಗಿದೆ. ಹಸಿ ಸಗಣಿಯನ್ನೂ ಹೊಲಕ್ಕೆ ಒಯ್ಯಬಾರದು. ದನ ತಿಂದ ಜಾಲಿ ಕಾಯಿಯ ಬೀಜ ಅದರಲ್ಲಿ ಜೀವಂತ ಇರುತ್ತದೆ. ತಿಪ್ಪಿಯಲ್ಲಿ ಚಲೋತ್ನಂಗ ಕಳಿತ ಮೇಲೆ ಹೇರಬೇಕು.

ಕುಳ್ಳು ಬಿಡ್ರಿ ಅಂತ ಹೆಣ್ಮಕ್ಕಳಿಗೆ ಹೇಳುವುದು ಸುಲಭ. ಕೈಯಾಗಿನ ಕುಳ್ಳು ಕಸಿದುಕೊಂಡು ಎರಡು ಮೈಲು ದೂರದ ಕಟಗಿ ತೋರಿಸಿದರೆ ಯಾರೂ ಕೇಳೂದಿಲ್ಲ. ತಲಿ ಮ್ಯಾಲೆ ಹೊರೆ ಹೊರುವವರು ಅವರು, ನಾವಲ್ಲ. ರಾಶಿ ಹೇರಿದ ಚಕ್ಕಡಿ, ಟ್ರ್ಯಾಕ್ಟರಿನಲ್ಲೇ ಇನ್ನೊಂದು ಖೇಪು ಕಟಗಿಯನ್ನೂ ಗಂಡಸರು ಮನೆಗೆ ತಂದು ಹಾಕಬೇಕು. ಮಿಕ್ಕದ್ದನ್ನು ಒಯ್ಯುವವರಿಗೆ ಬಿಡಬೇಕು.