ಒಟಿಪಿ ಯಾರ ಫೋನಿಗೆ ಹೋಗುತ್ತಿದೆ?

ಆ್ಯಪ್ ತೆರೆಯುತ್ತಿಲ್ಲ, ಹಾಲಿನ ಮೆಸೇಜ್ ಬರುತ್ತಿಲ್ಲ ಎಂದು ಸದಸ್ಯೆಯರು ಹೇಳಿದರೆ ‘ನಿಮಗೆ ಫೋನ್ ಬಳಸಲು ಬರುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಸಲ ತೊಂದರೆ ಇರುವುದು ದಾಖಲೆಯಲ್ಲಿ. ಹಸು ಸಾಕುವವರು ನೀವು, ಸದಸ್ಯತ್ವ ನಿಮ್ಮ ಹೆಸರಿನಲ್ಲಿ, ಮೊಬೈಲ್ ನಂಬರ್ ಮಾತ್ರ ಗಂಡನದೋ ಬೆಂಗಳೂರಿನಲ್ಲಿರುವ ಮಗನದೋ! ಒಟಿಪಿ ಅಲ್ಲಿಗೆ ಹೋಗುತ್ತದೆ. ಅವರು ಕೆಲಸದ ನಡುವೆ ನೋಡಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ್ದರೆ ಇಮೇಲ್ ಅಂಗಡಿಯವರದೇ ಇರಬಹುದು. ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟ ನಂಬರ್ ಬೇರೆಯವರ ಪಾಲಾಗಿರಲೂಬಹುದು.

ಇದೇನು ಸಣ್ಣ ವಿಷಯವಲ್ಲ. ಇವತ್ತು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಸರ್ಕಾರದ ಪ್ರೋತ್ಸಾಹಧನ ಖಾತೆಗೆ ಬಂತೇ ಎಂಬುದು ಹಾಲು ಕರೆದವರಿಗೇ ಎಲ್ಲರಿಗಿಂತ ಕೊನೆಗೆ ತಿಳಿಯಬೇಕೇ?

ಒಟಿಪಿಗೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ, ಕೀಪ್ಯಾಡ್ ಫೋನಿಗೂ ಬರುತ್ತದೆ. ಆದ್ದರಿಂದ ನಿಮ್ಮದೇ ನಂಬರ್ ಬರೆಸಿ. ಸಂಘದಲ್ಲಿ ಬದಲಾಯಿಸಿದರೆ ಬ್ಯಾಂಕಿನಲ್ಲಿ ತಾನಾಗಿ ಬದಲಾಗದು, ಅಲ್ಲಿ ಬೇರೆಯೇ ಅರ್ಜಿ ಕೊಡಬೇಕು. ಒಟಿಪಿಯನ್ನು ಮಾತ್ರ ಫೋನಿನಲ್ಲಿ ಯಾರು ಕೇಳಿದರೂ, ಡೇರಿಯವರೆಂದು ಹೇಳಿದರೂ, ಕೊಡಬೇಡಿ.

ಇನ್ನು ಕಾರ್ಯದರ್ಶಿಗಳಿಗೆ ಒಂದು ಮಾತು. ಮುಂದಿನ ಬಟವಾಡೆಯ ದಿನ ಪುಸ್ತಕದಲ್ಲಿರುವ ನಂಬರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಿ. ಎದುರಿಗೆ ನಿಂತ ಸದಸ್ಯೆಯ ಕೈಯಲ್ಲಿರುವ ಫೋನೇ ರಿಂಗ್ ಆಗಬೇಕು.